ನೆರಳಿರೋ ಜಾಗಕ್ಕೆ ಸುಲಭವಾದ ಹೂವಿನ ಗಿಡಗಳು: ಪದೇ ಪದೇ ಕೇಳೋ ಪ್ರಶ್ನೆಗಳು

ನಮ್ಮದು ಬೆಂಗಳೂರಲ್ಲಿ 30-40 ಸೈಟಿನ ಮನೆ. ಮೊದಲು ಮುಂದೆ ಹಿಂದೆ ಎಲ್ಲಾ ಕಡೆ ಬಿಸಿಲಿತ್ತು, ಅಮ್ಮ ಗುಲಾಬಿ, ಸೇವಂತಿಗೆ, ದುಂಡು ಮಲ್ಲಿಗೆ ಎಲ್ಲಾ ಬೆಳೀತಿದ್ರು, ಆಮೇಲೆ ದಕ್ಷಿಣಕ್ಕಿರೋ ಪಕ್ಕದ ಸೈಟಲ್ಲಿ ನಾಲ್ಕು ಫ್ಲೋರ್ ಎದ್ದಿತು, ಬಿಸಿಲು ಹೋಯ್ತು, ಎರಡು ವರ್ಷದೊಳಗೆ ಗುಲಾಬಿ ಗಿಡ ಬರೀ ಉದ್ದುದ್ದ ಕಡ್ಡಿಯಾಗಿ ನಿಂತವು. ಅಮ್ಮ ದೇವರಿಗೆ ಹೂ ಕೊಂಡು ತರೋಕೆ ಶುರು ಮಾಡಿದಾಗ ನಂಗೆ ತುಂಬಾ ಬೇಜಾರಾಯ್ತು. ಆವತ್ತಿಂದ ನೆರಳಲ್ಲಿ ಏನೇನು ಹೂ ಬಿಡುತ್ತೆ ಅಂತ ಹುಡುಕಿ, ನೆಟ್ಟು, ಕೆಲವು ಕಳ್ಕೊಂಡು, ಈಗ ಅಂಗಳ ಮತ್ತೆ ತುಂಬಿದೆ. ನೆಂಟರು, ಅಕ್ಕಪಕ್ಕದವರು ಕೇಳೋ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಥರ ಇರುತ್ತೆ, ಅದಕ್ಕೆ ಎಲ್ಲಾ ಒಂದು ಕಡೆ ಬರೆದಿದ್ದೀನಿ.

ನಮ್ಮನೇಲಿ ಬಿಸಿಲೇ ಬೀಳಲ್ಲ, ಹೂವಿನ ಗಿಡ ಬರುತ್ತಾ?

ಬರುತ್ತೆ. ಆದ್ರೆ ಯಾವ ಥರದ ನೆರಳು ಅಂತ ಮೊದಲು ನೋಡ್ಕೊಳ್ಳಿ, ಗಿಡ ಆಮೇಲೆ ತನ್ನಿ. ಹೆಚ್ಚಿನವರು ಉಲ್ಟಾ ಮಾಡ್ತಾರೆ, ನರ್ಸರಿಗೆ ಹೋಗಿ ಹೂ ತುಂಬಿರೋ ಗಿಡ ನೋಡಿ ಆಸೆಯಾಗಿ ತಂದುಬಿಡ್ತಾರೆ, ಮನೆಗೆ ಬಂದು ಹದಿನೈದು ದಿನಕ್ಕೆ ಮೊಗ್ಗೆಲ್ಲಾ ಉದುರಿದಾಗ ನನ್ನ ಕೈಗುಣ ಸರಿಯಿಲ್ಲ ಅಂತಾರೆ. ಕೈಗುಣ ಏನೂ ಆಗಿರಲ್ಲ, ಜಾಗ ಆ ಗಿಡದ್ದಲ್ಲ ಅಷ್ಟೇ. ನಮ್ಮ ಮಲೆನಾಡಿನ ಕಾಡು, ಕೊಡಗಿನ ಕಾಫಿ ತೋಟ, ಅಡಿಕೆ ತೋಟ ನೆನಪಿಸ್ಕೊಳ್ಳಿ, ಅಲ್ಲಿ ಕೆಳಗಡೆ ನೇರ ಬಿಸಿಲು ಎಲ್ಲಿದೆ? ಅಲ್ಲೂ ಹೂ ಬಿಡೋ ಗಿಡ ರಾಶಿ ಇದ್ದಾವೆ. ಆ ಥರದ ಗಿಡ ಆರಿಸ್ಕೊಂಡ್ರೆ ಅರ್ಧ ಕೆಲಸ ಆದಂಗೆ.

ನೆರಳು ಎಷ್ಟಿದೆ ಅಂತ ಹೇಗೆ ಗೊತ್ತಾಗುತ್ತೆ? ಮೀಟರ್ ಏನಾದ್ರೂ ಬೇಕಾ?

ಏನೂ ಬೇಡ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಗಿಡ ಇಡಬೇಕು ಅಂದ್ಕೊಂಡಿರೋ ಜಾಗದಲ್ಲಿ ಒಂದು ಬಿಳಿ ಹಾಳೆ ಇಟ್ಟು, ಅದರ ಮೇಲೆ ಒಂದಡಿ ಎತ್ತರದಲ್ಲಿ ಕೈ ಚಾಚಿ. ಬೆರಳು ಬೆರಳೂ ಸ್ಪಷ್ಟವಾಗಿ ಕಾಣೋ ನೆರಳು ಬಿದ್ರೆ ಬೆಳಕು ಚೆನ್ನಾಗಿದೆ. ಮಸುಕಾಗಿ ಕೈಯ ಆಕಾರ ಮಾತ್ರ ಕಂಡ್ರೆ ಅದು ಮಧ್ಯಮ, ಅಲ್ಲೂ ಹೂವಿನ ಗಿಡ ಬದುಕುತ್ತೆ, ಹೂ ಸ್ವಲ್ಪ ಕಮ್ಮಿ. ನೆರಳೇ ಕಾಣ್ಲಿಲ್ಲ ಅಂದ್ರೆ ಅಲ್ಲಿ ಹೂವಿನ ಆಸೆ ಬಿಟ್ಬಿಡಿ, ಎಲೆ ಗಿಡ ಇಡಿ. ಇನ್ನೊಂದು, ಬೆಳಿಗ್ಗೆ ಏಳರಿಂದ ಹತ್ತರೊಳಗೆ ಎರಡು ಗಂಟೆ ಎಳೆ ಬಿಸಿಲು ಬಿದ್ರೂ ಸಾಕು, ಅದು ಬಂಗಾರ. ಸಂಜೆ ನಾಲ್ಕರ ಸುಡೋ ಬಿಸಿಲಿಗಿಂತ ಅದು ನೆರಳಿನ ಗಿಡಗಳಿಗೆ ಎಷ್ಟೋ ಒಳ್ಳೇದು.

ಉತ್ತರ ದಿಕ್ಕಲ್ಲಿ ವರ್ಷಪೂರ್ತಿ ನೆರಳೇನಾ?

ಇಲ್ಲ, ಇದನ್ನ ತುಂಬಾ ಜನ ಗಮನಿಸಲ್ಲ. ಬೆಂಗಳೂರಲ್ಲಿ ಏಪ್ರಿಲ್ 24ರ ಆಸುಪಾಸಲ್ಲಿ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರ್ತಾನೆ, ಆಮೇಲೆ ನೆತ್ತಿ ದಾಟಿ ಉತ್ತರಕ್ಕೆ ವಾಲ್ತಾನೆ, ಮತ್ತೆ ಆಗಸ್ಟ್ 18ರ ಆಸುಪಾಸಲ್ಲಿ ವಾಪಸ್ ನೆತ್ತಿಗೆ. ಹಾಗಾಗಿ ಮೇ, ಜೂನ್, ಜುಲೈಯಲ್ಲಿ ಮನೆಯ ಉತ್ತರದ ಗೋಡೆಗೂ ನೇರ ಬಿಸಿಲು ಬೀಳುತ್ತೆ. ಮೇ ತಿಂಗಳಲ್ಲಿ ಮಳೆ ಇಲ್ಲದಿದ್ರೆ ಅಲ್ಲಿಟ್ಟ ಬಿಗೋನಿಯಾ ಎಲೆ ಸುಟ್ಟು ಕಂದು ಬಣ್ಣ ಆಗುತ್ತೆ, ಗಿಡಕ್ಕೆ ರೋಗ ಬಂತು ಅಂತ ಜನ ಔಷಧಿ ಹೊಡೀತಾರೆ. ಪಾಟನ್ನ ಎರಡಡಿ ಸರಿಸಿದ್ರೆ ಸಾಕಿತ್ತು. ಡಿಸೆಂಬರಲ್ಲಿ ಇದರ ಉಲ್ಟಾ. ಸೂರ್ಯ ದಕ್ಷಿಣಕ್ಕೆ ಹೋಗಿರೋದ್ರಿಂದ 40 ಅಡಿ ಎತ್ತರದ ಬಿಲ್ಡಿಂಗಿನ ನೆರಳು ಮಧ್ಯಾಹ್ನದಲ್ಲೂ ಉತ್ತರಕ್ಕೆ ಹತ್ರ ಹತ್ರ 30 ಅಡಿ ಚಾಚುತ್ತೆ, ಅಂದ್ರೆ ಪಕ್ಕದ ಒಂದು ಪೂರ್ತಿ ಸೈಟು ಮುಚ್ಚಿಹೋಗುತ್ತೆ. ನಮ್ಮನೆ ಕಥೆ ಇದೇ. ಅದಕ್ಕೇ ಒಂದು ದಿನ ನೋಡಿ ತೀರ್ಮಾನ ಮಾಡ್ಬೇಡಿ, ಬೇಸಿಗೇಲಿ ಒಂದ್ಸಲ, ಚಳಿಗಾಲದಲ್ಲಿ ಒಂದ್ಸಲ ನೋಡಿ.

ಇದುವರೆಗೆ ಒಂದು ಗಿಡವೂ ಬೆಳೆಸಿಲ್ಲ, ಯಾವುದರಿಂದ ಶುರು ಮಾಡ್ಲಿ?

ಕನಕಾಂಬರ. ಯೋಚನೆನೇ ಮಾಡ್ಬೇಡಿ. ಇದು ನಮ್ಮ ದಕ್ಷಿಣ ಭಾರತ, ಶ್ರೀಲಂಕಾ ಕಡೆಯದ್ದೇ ಗಿಡ, ನಮ್ಮ ಹವಾ ಅದಕ್ಕೆ ಹೊಸದಲ್ಲ. ಅರ್ಧ ನೆರಳಲ್ಲಿ ಎಲೆ ಕಪ್ಪು ಹಸಿರಾಗಿ ಹೊಳೀತಾ ಇರುತ್ತೆ, ವರ್ಷದ ಹೆಚ್ಚಿನ ತಿಂಗಳು ಹೂ ಬಿಡುತ್ತೆ. ಒಂದೇ ಒಂದು ಕೆಲಸ, ಹೂ ಮುಗಿದ ತೆನೆ ಒಣಗಿದ ತಕ್ಷಣ ಬುಡದಿಂದ ಚಿವುಟಿ ತೆಗೀಬೇಕು, ಆಗ ಪಕ್ಕದಲ್ಲಿ ಹೊಸ ತೆನೆ ಬರುತ್ತೆ. ಬೀಜ ಬೇಕು ಅಂದ್ರೆ ಒಂದೆರಡು ತೆನೆ ಬಿಡಿ, ಒಣಗಿದ ಮೇಲೆ ನೀರು ತಾಗಿದ್ರೆ ಪಟಪಟ ಅಂತ ಸಿಡಿದು ಸುತ್ತ ಬಿದ್ದು ಅವೇ ಮೊಳೀತವೆ. ಡೆಲ್ಲಿ ಕನಕಾಂಬರ ಅಂತ ಗಾಢ ಬಣ್ಣದ್ದು ಒಂದಿದೆ, ಅದು ಬೀಜ ಕಟ್ಟಲ್ಲ, ಕಡ್ಡಿ ನೆಟ್ಟೇ ಬೆಳೆಸ್ಬೇಕು. ಗಿಡ ಕಾರಣ ಇಲ್ದೆ ಸೊರಗ್ತಾ ಇದ್ರೆ ಕಿತ್ತು ಬೇರು ನೋಡಿ, ಗಂಟುಗಂಟಾಗಿದ್ರೆ ಜಂತುಹುಳದ ಕಾಟ, ಆ ಮಣ್ಣು ಬಿಟ್ಟು ಹೊಸ ಮಣ್ಣಿಗೆ ಬೇವಿನ ಹಿಂಡಿ ಬೆರೆಸಿ ಹೊಸ ಗಿಡ ಹಾಕಿ.

ಎರಡನೇದು ಸ್ಫಟಿಕ. ನೇರಳೆ, ಬಿಳಿ, ಗುಲಾಬಿ, ಪಟ್ಟೆ ಇರೋದು ಎಲ್ಲಾ ಸಿಗುತ್ತೆ. ಚಳಿ ಶುರುವಾದ ಮೇಲೆ, ಧನುರ್ಮಾಸದ ಹೊತ್ತಿಗೆ ಗಿಡದ ತುಂಬಾ ಹೂ. ಉಳಿದ ತಿಂಗಳು ಸುಮ್ನೆ ಹಸಿರು ಪೊದೆ ಥರ ಇರುತ್ತೆ, ಹೂ ಮುಗಿದ ಮೇಲೆ ಅರ್ಧಕ್ಕೆ ಕತ್ತರಿಸಿ ಆ ಕಡ್ಡಿಗಳನ್ನೇ ಮಣ್ಣಿಗೆ ಚುಚ್ಚಿದ್ರೆ ಬೇರು ಬಿಡುತ್ತೆ, ನಮ್ಮ ಬೀದೀಲಿ ಈಗ ಆರು ಮನೇಲಿ ಇರೋ ಸ್ಫಟಿಕ ನಮ್ಮ ಒಂದು ಗಿಡದ್ದು.

ದಿನಾ ಪೂಜೆಗೆ ನಾಲ್ಕು ಹೂ ಬೇಕು, ಏನು ಹಾಕ್ಲಿ?

ನಂದಿಬಟ್ಟಲು ಹಾಕಿ. ಒಂದು ಮೂಲೆ ಇದ್ರೆ ಸಾಕು, ತಾನಾಗೇ ಬೆಳೆಯುತ್ತೆ, ಮರದ ನೆರಳು ಬಿದ್ರೂ ಬಿಳಿ ಹೂ ಬಿಡ್ತಾನೇ ಇರುತ್ತೆ. ಒಂಟಿ ಸುತ್ತಿನದು ಜಾಸ್ತಿ ಹೂ ಬಿಡುತ್ತೆ ಅಂತ ನನ್ನ ಅನುಭವ. ಕೀಳೋವಾಗ ಹಾಲು ಬರುತ್ತೆ, ಬಟ್ಟೆಗೆ ಕಣ್ಣಿಗೆ ತಾಗದ ಹಾಗೆ ನೋಡ್ಕೊಳ್ಳಿ. ಜೊತೆಗೆ ಕನಕಾಂಬರ, ಕೇಪಳ. ಕೇಪಳಕ್ಕೆ ಸ್ವಲ್ಪ ಬೆಳಕು ಜಾಸ್ತಿ ಬೇಕು, ಗಾಢ ನೆರಳಲ್ಲಿ ಹೂ ಗೊಂಚಲು ಸಣ್ಣದಾಗುತ್ತೆ.

ದಾಸವಾಳ, ಗುಲಾಬಿ, ಮಲ್ಲಿಗೆ ನೆರಳಲ್ಲಿ ಆಗಲ್ವಾ? ನರ್ಸರಿಯವರು ಆಗುತ್ತೆ ಅಂದ್ರು.

ಗಿಡ ಬದುಕುತ್ತೆ, ಹೂ ಬರಲ್ಲ. ನಂಗೂ ಒಂದ್ಸಲ ಹಾಗೇ ಹೇಳಿ ಮೂರು ಗುಲಾಬಿ ಗಿಡ ಕೊಟ್ಟಿದ್ರು, ಒಂದು ವರ್ಷ ಕಾದೆ. ಗುಲಾಬಿ, ಮಲ್ಲಿಗೆ, ಚೆಂಡುಹೂ, ಸೇವಂತಿಗೆ ಇವಕ್ಕೆ ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕೇ ಬೇಕು. ಟೆರೇಸ್ ಇದ್ರೆ ಅಲ್ಲಿಡಿ. ದಾಸವಾಳ ಬೇಕೇ ಬೇಕು ಅಂದ್ರೆ, ಹೂ ಪೂರ್ತಿ ಅರಳದೆ ಮೊಗ್ಗಿನ ಹಾಗೇ ಸುರುಳಿ ಸುತ್ಕೊಂಡು ಕೆಳಗೆ ಜೋತಾಡೋ ಕೆಂಪು ಜಾತಿ ಒಂದಿದೆ, ಕೆಲವರು ಮೆಣಸಿನಕಾಯಿ ದಾಸವಾಳ ಅಂತಾರೆ, ಅದು ನೆರಳಲ್ಲೂ ಬಿಡುತ್ತೆ. ಸೂರಕ್ಕಿಗಳು ಅದರ ಹಿಂದೆ ಮುಂದೆ ಸುತ್ತುತ್ತಾ ಇರ್ತವೆ.

ಮಳೆಗಾಲದಲ್ಲಿ ಬಣ್ಣ ಬಣ್ಣವಾಗಿ ಕಾಣ್ಬೇಕು, ಕಮ್ಮಿ ಖರ್ಚಲ್ಲಿ.

ಕರ್ಣಕುಂಡಲ ಬೀಜ ತಗೊಂಡು ಮೇ ಕೊನೆ, ಜೂನ್ ಮೊದಲ ವಾರ ಎರಚಿಬಿಡಿ. ಸುಮಾರು ಎರಡು ತಿಂಗಳಿಗೆ ಹೂ. ಕಾಯಿ ಬಲಿತು ಉಬ್ಬಿದ ಮೇಲೆ ಬೆರಳು ತಾಗಿಸಿದ್ರೆ ಸಾಕು, ಸಿಪ್ಪೆ ಥಟ್ಟಂತ ಸುರುಳಿ ಸುತ್ಕೊಂಡು ಕಂದು ಬೀಜ ಅಂಗೈಗೆಲ್ಲಾ ಚೆಲ್ಲುತ್ತೆ, ಮಕ್ಕಳಿಗೆ ಇದೊಂದು ಆಟ. ಅದರ ಜಾತಿಯದ್ದೇ ಇಂಪೇಷನ್ಸ್ ಅಂತ ನರ್ಸರೀಲಿ ಸಿಗುತ್ತೆ, ಪೂರ್ವ ಆಫ್ರಿಕಾದ್ದು, ಅದು ಇನ್ನೂ ಜಾಸ್ತಿ ನೆರಳು ತಡ್ಕೊಳ್ಳುತ್ತೆ, ತುದಿ ಮುರಿದು ನೀರಲ್ಲಿಟ್ರೆ ಬೇಗ ಬೇರು ಬರುತ್ತೆ. ಟೊರೇನಿಯಾ ಅನ್ನೋ ಪುಟ್ಟ ಹೂವಿನ ಗಿಡವೂ ಹೀಗೇ, ಒಂದ್ಸಲ ಹಾಕಿದ್ರೆ ಮಾರನೇ ವರ್ಷ ಅದೇ ಹುಟ್ಕೊಳ್ಳುತ್ತೆ.

ಅಚಿಮಿನಿಸ್ ಅನ್ನೋ ಗೆಡ್ಡೆ ಗಿಡದ ಬಗ್ಗೆ ಒಂದು ಮಾತು ಹೇಳ್ಲೇಬೇಕು. ಇದರ ಗೆಡ್ಡೆ ಬೆರಳುದ್ದ ಕೂಡ ಇರಲ್ಲ, ಪುಟ್ಟ ಹುಳದ ಥರ ಪದರ ಪದರವಾಗಿ ಇರುತ್ತೆ, ಮಳೆ ಬಿದ್ದಾಗ ಚಿಗುರಿ ಸೆಪ್ಟೆಂಬರ್‌ವರೆಗೆ ನೇರಳೆ, ಗುಲಾಬಿ ಹೂ. ಆಮೇಲೆ ಒಣಗಿಹೋಗುತ್ತೆ. ಸತ್ತೋಯ್ತು ಅಂತ ಪಾಟ್ ಮಣ್ಣನ್ನ ಎಸೆದು ಎಷ್ಟು ಜನ ಕಳ್ಕೊಂಡಿದ್ದಾರೋ! ಪಾಟನ್ನ ಮಳೆ, ನೀರು ಬೀಳದ ಕಡೆ ಎತ್ತಿಟ್ಟು ಮೇ ತಿಂಗಳಲ್ಲಿ ಮತ್ತೆ ನೀರು ಹಾಕಿ. ಫುಟ್‌ಬಾಲ್ ಲಿಲಿಗೂ ಇದೇ ನಿಯಮ, ಚಳಿಗಾಲದಲ್ಲಿ ಮಲಗಿರುತ್ತೆ, ಬೇಸಿಗೆ ಮಳೆ ಬಿದ್ದ ಕೂಡ್ಲೇ ಕೆಂಪು ಚೆಂಡಿನ ಹಾಗೆ ಎದ್ದು ಬರುತ್ತೆ.

ಜಾಗ ಸ್ವಲ್ಪ ತೇವ ಇದ್ರೆ, ಬಚ್ಚಲ ಹಿಂದೆನೋ ಸಂಪಿನ ಪಕ್ಕನೋ, ಸುಗಂಧಿ ಗೆಡ್ಡೆ ಹಾಕಿ. ಕೆಲವು ಕಡೆ ಸುರುಳಿ ಸುಗಂಧಿ ಅಂತಾರೆ. ಬಿಳಿ ಚಿಟ್ಟೆ ಕೂತಂಗೆ ಹೂ, ಸಂಜೆ ಹೊತ್ತು ಮನೆಯೊಳಗೆಲ್ಲಾ ವಾಸನೆ.

ಪೀಸ್ ಲಿಲಿ, ಆಂಥೂರಿಯಂ ನಿಜವಾಗ್ಲೂ ಸುಲಭನಾ?

ಪೀಸ್ ಲಿಲಿ ಹೌದು. ನೀರು ಬೇಕಾದಾಗ ಎಲೆ ಪೂರ್ತಿ ಜೋತುಬೀಳುತ್ತೆ, ಹಾಕಿದ ಕೆಲವೇ ಗಂಟೇಲಿ ಎದ್ದು ನಿಲ್ಲುತ್ತೆ, ಹೊಸಬರಿಗೆ ಇದಕ್ಕಿಂತ ಒಳ್ಳೆ ಗಿಡ ಇಲ್ಲ. ಆಂಥೂರಿಯಂಗೆ ಮಾತ್ರ ಬರೀ ಮಣ್ಣು ಆಗಲ್ಲ, ತೆಂಗಿನ ಸಿಪ್ಪೆ ತುಂಡು, ಇಟ್ಟಿಗೆ ಚೂರು, ಇದ್ದಿಲು, ಸ್ವಲ್ಪ ಗೊಬ್ಬರ ಹೀಗೆ ಸಡಿಲವಾಗಿರ್ಬೇಕು. ಬೇರಿಗೆ ಗಾಳಿ ಆಡಿದ್ರೆ ಒಂದೊಂದು ಹೂ ಗಿಡದಲ್ಲೇ ತಿಂಗಳಿಗಿಂತ ಜಾಸ್ತಿ ಇರುತ್ತೆ. ನಾವು ಹೂ ಅನ್ನೋ ಆ ಕೆಂಪು ಭಾಗ ನಿಜಕ್ಕೂ ಒಂದು ಥರದ ಎಲೆ, ಮಧ್ಯದ ಕಡ್ಡಿ ಮೇಲೆ ಇರೋ ಚುಕ್ಕಿಗಳೇ ಅಸಲಿ ಹೂಗಳು.

ಬ್ರಹ್ಮಕಮಲ ಮೂರು ವರ್ಷದಿಂದ ಇದೆ, ಹೂ ಇಲ್ಲ. ಯಾಕೆ?

ಮೊದಲು ಹೆಸರಿನ ವಿಷಯ. ನಮ್ಮ ಮನೆಗಳಲ್ಲಿರೋದು ಮೆಕ್ಸಿಕೋ ಕಡೆಯ ಒಂದು ಕಳ್ಳಿ ಜಾತಿ, ನಿಶಾಗಂಧಿ ಅಂತಾನೂ ಕರೀತಾರೆ, ಹಿಮಾಲಯದ ಬ್ರಹ್ಮಕಮಲ ಬೇರೇನೇ ಗಿಡ. ಕಳ್ಳಿ ಅಂದ್ರೂ ಇದು ಕಾಡಲ್ಲಿ ಮರದ ಮೇಲೆ ಬೆಳೆಯೋದು, ಅದಕ್ಕೆ ನೆರಳು ಇಷ್ಟ. ಆದ್ರೆ ತೀರಾ ಕತ್ತಲೆ ಮೂಲೇಲಿಟ್ರೆ ಹೂ ಬಿಡಲ್ಲ, ಬೆಳಿಗ್ಗೆ ಎಳೆ ಬಿಸಿಲು ತಾಗೋ ಕಡೆ ಇಡಿ. ದೊಡ್ಡ ಪಾಟಿಗೆ ಹಾಕ್ಬೇಡಿ, ಬೇರು ಸ್ವಲ್ಪ ಇಕ್ಕಟ್ಟಾದ್ರೆ ಒಳ್ಳೇದು. ಯೂರಿಯಾ ಹಾಕೋದು ನಿಲ್ಲಿಸಿ, ಅದು ಬರೀ ಎಲೆ ಬೆಳೆಸುತ್ತೆ. ಡಿಸೆಂಬರ್ ಜನವರೀಲಿ ನೀರು ಕಮ್ಮಿ ಮಾಡಿ.

ಮೊಗ್ಗು ಬಂದ ಮೇಲೆ ಪಾಟ್ ಜಾಗ ಬದಲಾಯಿಸ್ಬೇಡಿ, ಉದುರಿಬಿಡುತ್ತೆ. ಮೊದಲು ಮೊಗ್ಗು ಕೆಳಗೆ ಜೋತಿರುತ್ತೆ, ಅರಳೋ ದಿನ ಹತ್ರ ಬಂದಂಗೆ ಅದರ ಕತ್ತು ಬಾಗಿ ಹಂಸದ ಹಾಗೆ ಮೇಲೆ ಎತ್ಕೊಳ್ಳುತ್ತೆ, ಆವತ್ತು ಸಂಜೆ ಮೊಗ್ಗು ಉಬ್ಬಿ ತುದಿ ಸ್ವಲ್ಪ ಬಿಚ್ಕೊಂಡಿರುತ್ತೆ. ಎಂಟು ಗಂಟೆಗೆ ಶುರುವಾದ್ರೆ ಹತ್ತು ಹನ್ನೊಂದಕ್ಕೆ ಪೂರ್ತಿ. ನಮ್ಮಲ್ಲಿ ಹೋದ ಮಳೆಗಾಲ ಒಂದೇ ರಾತ್ರಿ ಒಂಬತ್ತು ಹೂ, ಅಮ್ಮ ಅರಿಶಿನ ಕುಂಕುಮ ಹಚ್ಚಿ ದೀಪ ಇಟ್ರು, ಬೀದಿಯವರೆಲ್ಲಾ ಬಂದು ನೋಡಿ ಹೋದ್ರು. ಬೆಳಿಗ್ಗೆ ಅಷ್ಟೊತ್ತಿಗೆ ಎಲ್ಲಾ ಬಾಡಿ ಜೋತಿರುತ್ತೆ.

ಮಾವಿನ ಮರದ ಕೆಳಗೆ ಏನು ನೆಟ್ಟರೂ ಬರ್ತಿಲ್ಲ.

ಅಲ್ಲಿ ತೊಂದರೆ ನೆರಳಿನದ್ದಷ್ಟೇ ಅಲ್ಲ, ಮರದ ಬೇರು ನೀರು ಗೊಬ್ಬರ ಎಲ್ಲಾ ಎಳ್ಕೊಳ್ಳುತ್ತೆ. ಬೇರು ಕಡಿದು ಗುಂಡಿ ತೋಡ್ಬೇಡಿ. ಬುಡದ ಸುತ್ತ ಮಣ್ಣು ಏರಿಸೋದೂ ಬೇಡ, ಮರಕ್ಕೇ ಕೆಟ್ಟದ್ದು. ಪಾಟುಗಳನ್ನ ಇಟ್ಟಿಗೆ ಮೇಲೆ ಜೋಡಿಸಿಡಿ, ಬಿಗೋನಿಯಾ, ಇಂಪೇಷನ್ಸ್, ಪೀಸ್ ಲಿಲಿ ಅಲ್ಲಿ ಸುಖವಾಗಿರ್ತವೆ. ಕೆಳಗಿನ ಒಂದೆರಡು ಕೊಂಬೆ ತೆಗೆಸಿದ್ರೂ ಬೆಳಕು ಎಷ್ಟೋ ಬರುತ್ತೆ. ಕಾಂಪೌಂಡ್ ಗೋಡೆಗೆ ಬಿಳಿ ಸುಣ್ಣ ಹೊಡೆಸಿ ನೋಡಿ, ಆ ಬೆಳಕು ವಾಪಸ್ ಗಿಡಕ್ಕೆ ಬೀಳುತ್ತೆ, ನಮ್ಮ ಹಿತ್ತಲಲ್ಲಿ ಇದರಿಂದಾನೇ ತುಂಬಾ ವ್ಯತ್ಯಾಸ ಆಯ್ತು.

ದಿನಾ ನೀರು ಹಾಕ್ಬೇಕಾ?

ಬೇಡ! ನೆರಳಿನ ಗಿಡಗಳು ಸಾಯೋದು ಹೆಚ್ಚಾಗಿ ನೀರು ಜಾಸ್ತಿಯಾಗೇ. ಬೆರಳನ್ನ ಎರಡನೇ ಗೆರೆವರೆಗೆ ಮಣ್ಣಿಗೆ ಇಳಿಸಿ, ತಂಪಾಗಿ ಅಂಟಿದ್ರೆ ಇವತ್ತು ಬೇಡ. ಎಲೆ ಹಳದಿಯಾಗಿ, ಮಣ್ಣೂ ಒದ್ದೆ ಇದ್ರೆ ಬೇರು ಕೊಳೀತಿದೆ ಅಂತ ಅರ್ಥ. ನೀರು ಬೆಳಿಗ್ಗೆ ಹಾಕಿ, ಬುಡಕ್ಕೆ ಹಾಕಿ, ಬಿಗೋನಿಯಾ ಎಲೆ ಮೇಲೆ ರಾತ್ರಿಯೆಲ್ಲಾ ನೀರು ನಿಂತ್ರೆ ಕೊಳೆ ರೋಗ ಬರುತ್ತೆ. ಪಾಟಿನ ಕೆಳಗಿನ ತಟ್ಟೇಲಿ ನಿಂತ ನೀರನ್ನ ವಾರಕ್ಕೆ ಒಂದ್ಸಲ ಅಲ್ಲ ಎರಡ್ಸಲ ಚೆಲ್ಲಿ, ಡೆಂಗ್ಯೂ ಸೊಳ್ಳೆ ಇಂಥ ತಿಳಿ ನೀರಲ್ಲೇ ಮೊಟ್ಟೆ ಇಡೋದು.

ಮಣ್ಣು, ಗೊಬ್ಬರ?

2 ಪಾಲು ಕೆಂಪು ಮಣ್ಣು, 1 ಪಾಲು ಹಳೇ ಕೊಟ್ಟಿಗೆ ಗೊಬ್ಬರ, 1 ಪಾಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಅರ್ಧ ಪಾಲು ದಪ್ಪ ಮರಳು, ಒಂದು ಹಿಡಿ ಬೇವಿನ ಹಿಂಡಿ. ಎರಡು ತಿಂಗಳಿಗೊಮ್ಮೆ ಪಾಟಿಗೆ ಒಂದು ಹಿಡಿ ಎರೆಹುಳು ಗೊಬ್ಬರ. ಅಷ್ಟೇ ಸಾಕು, ಬೆಳಕು ಕಮ್ಮಿ ಇರೋ ಕಡೆ ಗಿಡ ನಿಧಾನ ಬೆಳೆಯುತ್ತೆ, ಊಟವೂ ಕಮ್ಮಿ ಸಾಕು.

ರಾತ್ರಿ ಏನೋ ಬಂದು ಎಲೆ ತಿಂದು ಹೋಗ್ತಿದೆ.

ಬಸವನಹುಳು. ಮಳೆಗಾಲದಲ್ಲಿ ನೆರಳು, ತೇವ ಇರೋ ಕಡೆ ಅದರ ಕಾಟ ತಪ್ಪಿದ್ದಲ್ಲ. ರಾತ್ರಿ ಎಂಟರ ಮೇಲೆ ಟಾರ್ಚ್ ಹಿಡ್ಕೊಂಡು ಹೋಗಿ, ಪಾಟಿನ ಅಡಿ, ಗೋಡೆ ಸಂದೀಲಿ ಸಿಗುತ್ತೆ. ಬರಿಗೈಲಿ ಮುಟ್ಬೇಡಿ, ಗ್ಲೌಸ್ ಅಥವಾ ಕವರ್ ಹಾಕ್ಕೊಂಡು ಹಿಡಿದು ಉಪ್ಪು ನೀರಿನ ಬಕೆಟ್‌ಗೆ ಹಾಕಿ. ಉಪ್ಪನ್ನ ಮಣ್ಣಿಗೆ ಹಾಕ್ಬೇಡಿ, ಗಿಡ ಸಾಯುತ್ತೆ. ಎಲೆ ಸಂದೀಲಿ ಹತ್ತಿ ಥರ ಬಿಳಿ ಹಿಟ್ಟು ತಿಗಣೆ ಇದ್ರೆ ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ಎರಡು ಹನಿ ಸೋಪ್ ನೀರು ಕಲಸಿ ಸಂಜೆ ಹೊತ್ತು ಸಿಂಪಡಿಸಿ.

ಮನೇಲಿ ಚಿಕ್ಕ ಮಗು, ನಾಯಿ ಇದೆ.

ಪೀಸ್ ಲಿಲಿ, ಆಂಥೂರಿಯಂ, ಬಣ್ಣದ ಎಲೆಯ ಕ್ಯಾಲೇಡಿಯಂ ಎಟುಕದ ಕಡೆ ಇಡಿ. ಎಲೆ ಅಗಿದ್ರೆ ಬಾಯಿ ಗಂಟಲು ಉರಿದು ಊದ್ಕೊಳ್ಳುತ್ತೆ, ಕೆಸುವಿನೆಲೆ ತುರಿಕೆ ಗೊತ್ತಲ್ಲ, ಅದೇ ಬಗೆ. ಫುಟ್‌ಬಾಲ್ ಲಿಲಿ ಗೆಡ್ಡೆನೂ ವಿಷ. ಕನಕಾಂಬರ, ಸ್ಫಟಿಕದ ಬಗ್ಗೆ ಅಷ್ಟು ಹೆದರೋದು ಬೇಡ.

ಮಡಿಕೇರೀಲಿ ನೋಡಿದ ಹೈಡ್ರೇಂಜಿಯಾ ಬೇಕು.

ಬೆಂಗಳೂರಲ್ಲಿ ಬರುತ್ತೆ, ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ನೆರಳು, ಮಣ್ಣು ಯಾವಾಗ್ಲೂ ತೇವ. ಕೊಡಗಲ್ಲಿ ನೀಲಿ ಇದ್ದದ್ದು ನಿಮ್ಮನೇಲಿ ಗುಲಾಬಿ ಆದ್ರೆ ಗಾಬರಿ ಬೇಡ, ಹುಳಿ ಮಣ್ಣಲ್ಲಿ ನೀಲಿ, ಸುಣ್ಣದ ಅಂಶ ಇರೋ ಮಣ್ಣಲ್ಲಿ ಗುಲಾಬಿ, ಬೋರ್‌ವೆಲ್ ಗಡಸು ನೀರು ಹಾಕ್ತಾ ಹಾಕ್ತಾ ಬಣ್ಣ ಬದಲಾಗುತ್ತೆ. ಕತ್ತರಿಸೋದಿದ್ರೆ ಹೂ ಮುಗಿದ ಕೂಡ್ಲೇ ಕತ್ತರಿಸಿ, ತಡ ಮಾಡಿದ್ರೆ ಮುಂದಿನ ವರ್ಷದ ಮೊಗ್ಗನ್ನೇ ಕತ್ತರಿಸಿದಂಗಾಗುತ್ತೆ.

ನಾವಿರೋದು ಕಲಬುರಗಿ. ಇದೆಲ್ಲಾ ನಮಗೆ ಆಗುತ್ತಾ?

ಹೈಡ್ರೇಂಜಿಯಾ, ಇಂಪೇಷನ್ಸ್ ಬಿಟ್ಬಿಡಿ. ಬೇಸಿಗೇಲಿ 40 ಡಿಗ್ರಿ ದಾಟೋ ಕಡೆ ನೆರಳೇ ಒಂದು ವರ, ಬೇವಿನ ಮರದಡಿ ಕನಕಾಂಬರ, ಸ್ಫಟಿಕ, ನಂದಿಬಟ್ಟಲು ಚೆನ್ನಾಗಿ ಬರ್ತವೆ, ನೀರು ಮಾತ್ರ ನಾನು ಹೇಳಿದ್ದಕ್ಕಿಂತ ಜಾಸ್ತಿ ಬೇಕು. ಮಂಗಳೂರು, ಉಡುಪಿ ಕಡೆಯವರಿಗೆ ಇದರ ಉಲ್ಟಾ ಚಿಂತೆ, ಜೂನ್ ಜುಲೈ ಮಳೇಲಿ ಪಾಟ್ ತುಂಬಿ ಬೇರು ಕೊಳೆಯುತ್ತೆ, ತೂತು ದೊಡ್ಡದಿರ್ಲಿ, ಪಾಟನ್ನ ಸೂರಿನ ಕೆಳಗೆ ಎಳ್ಕೊಳ್ಳಿ.

ಕಾಡಲ್ಲಿ ಮರದ ಮೇಲೆ ಇರೋ ಸೀತಾಳೆ ದಂಡೆ ತಂದು ಕಟ್ಟಬಹುದಾ?

ದಯವಿಟ್ಟು ಬೇಡ. ಕಾಡಿಂದ ಕಿತ್ತು ತಂದದ್ದು ಹೆಚ್ಚಿನದ್ದು ಬದುಕಲ್ಲ, ಅಲ್ಲೂ ಇಲ್ಲ ಇಲ್ಲೂ ಇಲ್ಲ ಅನ್ನೋ ಹಾಗಾಗುತ್ತೆ. ಸೀತಾಳೆ ದಂಡೆ ಒಂದು ಆರ್ಕಿಡ್, ಆರ್ಕಿಡ್ ಬೇಕು ಅಂದ್ರೆ ನರ್ಸರೀಲಿ ಬೆಳೆಸಿದ್ದನ್ನೇ ತಗೊಳ್ಳಿ. ಗಾಳಿಗೆ ಬಿದ್ದ ಕೊಂಬೆ ಮೇಲೆ ಸಿಕ್ಕಿದ್ರೂ ಅಲ್ಲೇ ಹತ್ತಿರದ ಮರಕ್ಕೆ ಕಟ್ಟಿ ಬನ್ನಿ.

ಹದಿನೈದು ದಿನ ಊರಿಗೆ ಹೋಗ್ತೀವಿ, ಗಿಡದ ಗತಿ?

ಎಲ್ಲಾ ಪಾಟುಗಳನ್ನ ಒತ್ತೊತ್ತಾಗಿ ಒಂದೇ ಕಡೆ ಇಡಿ, ಮಣ್ಣಿನ ಮೇಲೆ ಒಣ ಎಲೆ ಹೊದಿಸಿ. ಬಕೆಟ್ ನೀರನ್ನ ಸ್ಟೂಲ್ ಮೇಲಿಟ್ಟು ಹತ್ತಿ ಹಗ್ಗದ ಒಂದು ತುದಿ ನೀರೊಳಗೆ, ಇನ್ನೊಂದು ತುದಿ ಮಣ್ಣೊಳಗೆ. ಹೋಗೋಕೆ ಎರಡು ದಿನ ಮೊದಲೇ ಮಾಡಿ ನೋಡ್ಕೊಳ್ಳಿ.

ನೆರಳಲ್ಲಿ ಕಾಫಿ ಗಿಡ ಬೆಳೆಸಬಹುದಾ? ಹೂ ಬಿಡುತ್ತಾ?

ಇದನ್ನ ಯಾರೂ ಕೇಳಲ್ಲ, ಮೊನ್ನೆ ಒಬ್ಬರು ಕೇಳಿದ್ರು, ತುಂಬಾ ಖುಷಿಯಾಯ್ತು. ಬೆಳೆಸಿ! ಅರೇಬಿಕಾ ಸಸಿ ಒಂದು ತಂದು 15 ಇಂಚಿನ ಪಾಟಿಗೋ, ಮರದ ನೆರಳಿರೋ ನೆಲಕ್ಕೋ ಹಾಕಿ, ಎಲೆನೇ ನೋಡೋಕೆ ಅಷ್ಟು ಚೆಂದ. ಮೂರು ನಾಲ್ಕು ವರ್ಷ ಕಾಯ್ಬೇಕು. ಆಮೇಲೆ ಚಳಿಗಾಲದ ಕೊನೇಲಿ ನೀರು ತೀರಾ ಕಮ್ಮಿ ಮಾಡಿ, ಮೊಗ್ಗುಗಳು ಹಸಿರು ಕಡ್ಡಿ ಥರ ಹಾಗೇ ನಿಂತಿರ್ತವೆ, ಮಾರ್ಚ್ ಹೊತ್ತಿಗೆ ಒಂದು ದಿನ ಚೆನ್ನಾಗಿ ನೆನೆಯೋ ಹಾಗೆ ನೀರು ಕೊಡಿ, ತೋಟದವರು ಹೂಮಳೆಗೆ ಕಾಯ್ತಾರಲ್ಲ ಅದೇ ಲೆಕ್ಕ. ಎಂಟು ಹತ್ತು ದಿನಕ್ಕೆ ಕೊಂಬೆ ಉದ್ದಕ್ಕೂ ಗೆಣ್ಣು ಗೆಣ್ಣಿಗೆ ಬಿಳಿ ಹೂ, ಮಲ್ಲಿಗೆ ಥರದ ವಾಸನೆ, ಎರಡು ಮೂರು ದಿನ ಇರುತ್ತೆ. ನಮ್ಮದು ಹೋದ ವರ್ಷ ಮೊದಲ ಸಲ ಬಿಡ್ತು, ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದ ಅಮ್ಮ ಎಲ್ಲಿಂದ ಬರ್ತಿದೆ ಈ ವಾಸನೆ ಅಂತ ಇಡೀ ಹಿತ್ತಲು ಹುಡುಕಿದ್ರು.